ಹರಿವಾಣ ಹಿಡಿದ ಹುಡುಗರು

ಝಣ್ ಝಣ್! ನಮ್ಮ ಕಾಲದ ಕಾಲೇಜ್ ಫಂಕ್ಷನ್ ಅಂದರೆ ನನಗೆ ನೆನಪಾಗುವುದು ಗೆಸ್ಟ್‌ಗಳಿಗೆ ಕೊಡುವ ಹಣ್ಣಿನ ಹರಿವಾಣ ಹಿಡಿದು ನಿಂತ ನಮ್ಮ ಹುಡುಗಿಯರ ಬಳೆಗಳ ಸದ್ದು. ಸ್ಪೀಚೆಲ್ಲ ಹುಡುಗರದ್ದು.

ಮೊನ್ನೆ ಮೂಡುಬಿದಿರೆಯ ಕಾಲೇಜೊಂದಕ್ಕೆ ಗೆಸ್ಟ್ ಆಗಿ ಹೋಗಿದ್ದೆ. ಸ್ಟೇಜಲ್ಲಿ ಕೂತರೆ ಬೆನ್ನ ಹಿಂದೆ ಬಳೆ ಸದ್ದೇ ಇಲ್ಲ! ತಿರುಗಿದರೆ, ಬಿಳಿ ಮುಂಡು ಉಟ್ಟ ಹುಡುಗರಿಬ್ಬರು ಹರಿವಾಣ ಹಿಡಿದು ನಿಂತಿದ್ದಾರೆ. ಈ ಸಲ ಹುಡುಗರೇ ಹಿಡಿಯಲಿ ಎಂದು ಹಠ ಮಾಡಿದವಳು ಯೂನಿಯನ್ ಪ್ರೆಸಿಡೆಂಟ್ ಸಮೀನಾ ಅಂತೆ.

"ಸರೀ ಹಿಡಿ ಮಾರಾಯ, ಆ್ಯಪಲ್ ಬೀಳ್ತದೆ!" ಎಂದ ಒಬ್ಬ. ಬಿದ್ದೇಬಿಟ್ಟಿತು.

"ಇದಕ್ಕೆಲ್ಲ ಹುಡುಗಿಯರೇ ಆಗ್ಬೇಕು," ಎಂದರು ಮುಂದಿನ ಸಾಲಿನ ಲೆಕ್ಚರರ್.

ಮೈಕ್ ಹಿಡಿದಿದ್ದ ಸಮೀನಾ ನಕ್ಕಳು. "ಮೊದಲ ಸಲ ನಾವೂ ಬೀಳಿಸಿದ್ದೇವೆ ಸರ್. ಕಲೀತಾರೆ ಬಿಡಿ." ಸಭೆಗೆ ಸಭೆಯೇ ಚಪ್ಪಾಳೆ! ಆಮೇಲೆ ತನ್ನ ಸ್ಪೀಚ್ ಶುರುಮಾಡಿದಳು.

ಬಂಟ್ವಾಳದ ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಬಾಗಿಲಿಂದ ಕೊನೆಯ ಸಲ ಅವಳನ್ನು ಕಂಡಾಗ ಪ್ರಿನ್ಸಿಪಾಲರು ವಾಚ್ ನೋಡುತ್ತಿದ್ದರು. ಸಮೀನಾಳ ಸ್ಪೀಚ್ ಇನ್ನೂ ಮುಗಿದಿರಲಿಲ್ಲ.