ಬಸವ ತಳ್ಳಿದ್ದು ಯಾರನ್ನು

ವಿಮಾನ ನಿಲ್ದಾಣದ ಒಂದು ಗುತ್ತಿಗೆ, ಹೆಂಡತಿಯ ತಮ್ಮ, ನಮ್ಮ ಕಡೆಯ ಕೆಲಸಗಾರರಿಗಿದ್ದ ಒಳ್ಳೆಯ ಹೆಸರು. ಆ ಸಂಜೆ ನನಗೆ ತಗುಲಿದ ಖರ್ಚು ಇಷ್ಟು. ಒಂದೂ ವಾಪಸ್ ಬಂದಿಲ್ಲ. ಯಾಕೆ ತೆತ್ತೆ ಎಂದರೆ, ಕಣ್ಣೆದುರು ನಡೆದದ್ದರ ಅರ್ಥ ಆಗಲಿಲ್ಲ. ಅದಕ್ಕೆ ಅರ್ಥ ಅಂತ ಒಂದಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ.

ದೇವರ ಬಸವ ನ್ಯಾಯ ಹೇಳುತ್ತದೆ ಎಂಬುದನ್ನು ನಾನು ನಂಬಿದವನಲ್ಲ. ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕುಕ್ಕೆ ಹೊತ್ತು ಮೇಲೆ ಬಂದವನು ನಾನು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳು ಹೇಗಿದೆ ಎಂದು ಹೇಳುತ್ತಿದ್ದೆ. ಮನುಷ್ಯರನ್ನೂ ಹಾಗೇ ಅಲ್ಲಾಡಿಸಿ ನೋಡಿದರಾಯಿತು, ಎತ್ತನ್ನು ಕೇಳುವುದೇನು? ಅದೇ ಧೈರ್ಯದ ಮೇಲೆ, ವಿಮಾನದ ಒಳಗೆ ಕಸ ತೆಗೆಯುವ ಕೆಲಸಕ್ಕೆ ಜನ ಕಳಿಸುವ ಗುತ್ತಿಗೆ ಹಿಡಿದಿದ್ದೆ. ವಿಮಾನದ ತನಕ ಹೋಗುವ ಕೆಲಸ. ಪೊಲೀಸ್ ಪರಿಶೀಲನೆ ಆಗದೆ ಪಾಸು ಸಿಗದು. ಅಲ್ಲಿ ಮೇಲ್ವಿಚಾರಣೆಗೆ ಯಳಂದೂರಿನವನಾದ ನನ್ನ ಹೆಂಡತಿಯ ತಮ್ಮ ಪುಟ್ಟಸ್ವಾಮಿಯನ್ನೇ ಇಟ್ಟೆ. ಮನೆಯವನು, ಪೊಲೀಸರು ನೋಡಿದ್ದಾಯಿತು, ನಾನು ಬೇರೆ ಪರಿಶೀಲಿಸುವುದೇನು ಬಂತು.

ಹೊಸ ತಂಡವನ್ನು ಕಾಮಗೆರೆಯ ಆಚೆಯ ಒಂದು ಊರಿನಿಂದ ಆರಿಸಿದೆ. ಅದರಲ್ಲಿ ಕಲ್ಲುಕ್ವಾರಿಯ ಕೆಲಸ ಬಿಟ್ಟು ಬಂದಿದ್ದ ಮಾದೇಶ ಎಂಬುವನಿದ್ದ. ಕಲ್ಲಿನ ಧೂಳು ಅವನ ಎದೆ ಸೇರಿತ್ತು. ಹೆಂಡತಿ ಬಸುರಿ. ಈ ಕೆಲಸ ಸಿಗದಿದ್ದರೆ ಮತ್ತೆ ಅದೇ ಧೂಳು. ಆರಿಸುವಾಗ ಅವನೊಬ್ಬನೇ ನನ್ನನ್ನು ತಿರುಗಿ ಕೇಳಿದ್ದ:

“ಸಾ, ಅಲ್ಲಿ ಏನಾರ ತಪ್ಪು ಕಂಡ್ರೆ ಯಾರ್ಗೆ ಏಳ್ಬೇಕು?”

“ಸೂಪರ್‌ವೈಸರ್‌ಗೆ ಹೇಳು.”

“ಅವ್ರೇ ಮಾಡುದ್ರೆ?”

ಪಕ್ಕದಲ್ಲಿದ್ದ ಪುಟ್ಟಸ್ವಾಮಿ ಜೋರಾಗಿ ನಕ್ಕ. “ಲೇ, ಇನ್ನೂ ಇಮಾನ ನೋಡಿಲ್ಲ, ಆಗ್ಲೇ ಕಂಪ್ಲೇಂಟಾ? ನೀನ್ ಕಲ್ಲೊಡಿಯಕ್ಕೇ ಸರಿ ಕಣ್ಲಾ.” ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೊರಡುವ ದಿನ ಊರವರು, ಬಸವಪ್ಪನ ಅಪ್ಪಣೆಯಾಗದೆ ಕಳಿಸುವುದಿಲ್ಲ ಎಂದು ಹಟ ಹಿಡಿದರು. ಅಲ್ಲಿಯ ಕ್ರಮ ಇದು: ಹೋಗುವವರು ಸಾಲಾಗಿ ಕೂತು, ನೆಲದ ಮೇಲೆ ಟವೆಲ್ ಹಾಸಿ ಅಂಗೈ ಇಡಬೇಕು. ಬಸವ ಬಂದು ಮೆಲ್ಲಗೆ ಪಾದ ಇಟ್ಟರೆ ಒಪ್ಪಿಗೆ. ತಳ್ಳಿದರೆ ಬೇಡವೆಂದು ಅರ್ಥ. ಸಂಜೆ ಬಿಸಿಲಿನಲ್ಲಿ ಗೆಜ್ಜೆ ಕಟ್ಟಿಕೊಂಡು ಅದು ಬಂತು. ಒಬ್ಬೊಬ್ಬರಿಗೇ ಪಾದ ಕೊಡುತ್ತಾ ಮಾದೇಶನ ಹತ್ತಿರ ಬಂದು ನಿಂತಿತು. ಅವನ ಬೆನ್ನ ಹಿಂದೆಯೇ ಪುಟ್ಟಸ್ವಾಮಿ, ಕೊರಳಲ್ಲಿ ಪಾಸು ನೇತುಹಾಕಿಕೊಂಡು ನಿಂತಿದ್ದ. ಬಸವ ತಲೆ ತಗ್ಗಿಸಿ ಮಾದೇಶನನ್ನು ಪಕ್ಕಕ್ಕೆ ತಳ್ಳಿತು. ಅವನು ಸರಿದು ಕೂತ. ಮತ್ತೆ ತಳ್ಳಿತು.

“ನೋಡುದ್ರಾ, ಬ್ಯಾಡ ಅಂತು!” ಎಂದು ಮೊದಲು ಕೂಗಿದವನು ಪುಟ್ಟಸ್ವಾಮಿ.

ಮಾದೇಶ ಎದ್ದು ನಿಂತ. “ಸಾ, ಅದು ನನ್ನ ನೋಡ್ಲೇ ಇಲ್ಲ ಕಣ್ರಿ. ನನ್ ಇಂದ್ಕೆ ನೋಡ್ತಿತ್ತು.”

ಯಾರು ಕೇಳುತ್ತಾರೆ? ಉಳಿದವರು, “ಬಸವಪ್ಪ ತಳ್ದೋನ್ ಜೊತೆ ನಾವ್ ಬಸ್ ಅತ್ತಲ್ಲ” ಎಂದರು. ಚೌಕಾಸಿ ಮಾಡಿ ನೋಡಿದೆ, ಬಗ್ಗಲಿಲ್ಲ. ಒಬ್ಬನನ್ನು ಬಿಟ್ಟೆ, ಉಳಿದವರನ್ನು ಉಳಿಸಿಕೊಂಡೆ. ಅವನ ಹೆಂಡತಿ ಕಟ್ಟಿ ತಂದಿದ್ದ ಬ್ಯಾಗನ್ನು ಮತ್ತೆ ಹೆಗಲಿಗೆ ಹಾಕಿಕೊಂಡಳು.

ಬಸ್ಸು ಬಂತೆಂದು ಎಲ್ಲರೂ ಓಡಿದರು. ನಾನು ಹಿಂದೆ ಉಳಿದು ತಿರುಗಿ ನೋಡಿದೆ. ಮಾದೇಶನ ಟವೆಲ್ ಹಾಗೇ ಬಿದ್ದಿತ್ತು. ಬಸವ ಒಂಟಿಯಾಗಿ ಬಂದು, ಅವನ ಅಂಗೈ ಇದ್ದ ಜಾಗದ ಮೇಲೆ ಮೆಲ್ಲಗೆ ಪಾದ ಇಟ್ಟು ನಿಂತಿತು. ಕಣ್ಣು ಮಾತ್ರ ಬಸ್ ಹತ್ತುತ್ತಿದ್ದ ಪುಟ್ಟಸ್ವಾಮಿಯ ಮೇಲೆ. ‘ಎತ್ತಲ್ಲವೇ, ಎಲ್ಲೋ ಒಂದು ಕಡೆ ಕಾಲಿಡಲೇಬೇಕು’ ಅಂದುಕೊಂಡು ಹೊರಟೆ.

ಕೆಲವು ತಿಂಗಳಲ್ಲೇ ಪುಟ್ಟಸ್ವಾಮಿ ಸಿಕ್ಕಿಬಿದ್ದ. ಯಾರೋ ಪ್ರಯಾಣಿಕರು ವಿಮಾನದ ಶೌಚಾಲಯದಲ್ಲಿ ಅಡಗಿಸಿಟ್ಟ ಚಿನ್ನವನ್ನು ಏನೂ ಅರಿಯದ ನಮ್ಮ ಕೆಲಸಗಾರರ ಕಸದ ಚೀಲಕ್ಕೆ ಸೇರಿಸಿ, ಸಿಬ್ಬಂದಿಯ ಗೇಟಿನಿಂದ ಹೊರಗೆ ದಾಟಿಸುತ್ತಿದ್ದನಂತೆ. “ಇವತ್ತು ಚಿನ್ನ ಹೊರಗೆ ಬಂತು. ನಾಳೆ ಇದೇ ಚೀಲದಲ್ಲಿ ಬಾಂಬ್ ಒಳಗೆ ಹೋದರೆ?” ಎಂದು ಅಧಿಕಾರಿ ಕೇಳಿದರು. ನಮ್ಮವರೆಲ್ಲರ ಪಾಸು ರದ್ದಾಯಿತು.

ಪುಟ್ಟಸ್ವಾಮಿ ಅತ್ತರು ಹಾಕಿದ್ದ, ಅದರ ವಾಸನೆಗೆ ಬಸವ ಹಾಗೆ ಮಾಡಿರಬಹುದು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಖಾಲಿ ಟವೆಲ್‌ಗೆ ಯಾವ ಅತ್ತರು? ಬಸವನನ್ನು ಸಾಕುವ ಮುದುಕನನ್ನು ಹೋಗಿ ಕೇಳಿದರೆ, “ಅದು ತಳ್ತು, ಅಷ್ಟೆಯಾ. ಅರ್ತ ಏಳ್ದೋರು ನೀವಲ್ವಾ ಸಾ?” ಎಂದ.

ಮೊನ್ನೆ ಹನೂರಿನ ಬಸ್ ನಿಲ್ದಾಣದಲ್ಲಿ ಮಾದೇಶ ಸಿಕ್ಕಿದ. ಮತ್ತೆ ಕ್ವಾರಿಯಲ್ಲಿದ್ದಾನೆ. ಮಾತಿನ ನಡುನಡುವೆ ಕೆಮ್ಮುತ್ತಾನೆ. “ಬಸವಪ್ಪ ನಿನ್ನ ಉಳಿಸ್ತು, ಓಗಿದ್ರೆ ನೀನೂ ಸಿಕ್ಕಾಕತಿದ್ದೆ ಅಂತಾರೆ ಎಲ್ರೂವೆ. ಓಗಿದ್ರೆ ನಾನು ಬಾಯ್ ಬುಡ್ತಿದ್ದೆ ಅಂತ ಒಬ್ರೂ ಏಳಲ್ಲ ಸಾ,” ಎಂದು ಬಸ್ ಹತ್ತಿದ.

ಬಸವ ಏನು ಕಂಡಿತೋ ನನಗೆ ತಿಳಿಯದು. ತಿಳಿದಷ್ಟು ಹೇಳುತ್ತೇನೆ, ಜನ ಕಳಿಸುವವರು ಕೇಳಿ. ಹೊಸಬನ ಪೂರ್ವಾಪರ ನೋಡುವಾಗ ಅವನ ಬೆನ್ನ ಹಿಂದೆ ನಿಂತವನದನ್ನೂ ನೋಡಿ. ಮನೆಯವನಿಗೆ ಗೇಟು ಒಪ್ಪಿಸಿದರೆ, ಪಕ್ಕದಲ್ಲಿ ಸಂಬಂಧವೇ ಇಲ್ಲದ ಇನ್ನೊಬ್ಬನನ್ನು ನಿಲ್ಲಿಸಿ. ಸೂಪರ್‌ವೈಸರನ ಮೇಲಿನ ದೂರು ಸೂಪರ್‌ವೈಸರನ ಕೈಗೇ ಹೋಗದಂತೆ ದಾರಿ ಮಾಡಿ. ‘ತಪ್ಪು ಕಂಡರೆ ಯಾರಿಗೆ ಹೇಳಬೇಕು’ ಎಂದು ಕೇಳುವವನು ಸಿಕ್ಕಿದರೆ, ಊರೆಲ್ಲ ಬೇಡವೆಂದರೂ ಬಸವನೇ ಅಡ್ಡ ನಿಂತರೂ, ಮೊದಲು ಅವನನ್ನು ಬಸ್ ಹತ್ತಿಸಿ.