ಗಾಡಿಯ ಜೊತೆ ಬಂದ ಕಲ್ಲು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಇಷ್ಟು ಸರಿಯಾಗಿ ನೆನಪಿರಲು ಕಾರಣವಿದೆ. ಅಂದು ಶುಕ್ರವಾರ, ಆಯುಧಪೂಜೆ. ಹತ್ತೂವರೆಗೆ ರಾಹುಕಾಲ ಶುರುವಾಗುತ್ತದೆಂದು ಅಪ್ಪ ಕೈಗಡಿಯಾರ ನೋಡಿಕೊಂಡು ಎಲ್ಲರನ್ನೂ ಅವಸರಪಡಿಸುತ್ತಿದ್ದ. "ಇನ್ನು ಹತ್ತೇ ನಿಮಿಷ ಐತೆ, ಬಿರ್‍ರನೆ ಬರ್ರಿ" ಎಂದು ಕೂಗಿ ಬೂದುಗುಂಬಳಕಾಯಿ ತರಲು ಒಳಗೆ ಹೋದ. ಅವನು ಹೊಸ್ತಿಲು ದಾಟಿದ ಆ ಗಳಿಗೆಯನ್ನು ಅರವತ್ತು ವರ್ಷಗಳಿಂದ ಮನಸ್ಸಿನಲ್ಲಿ ಹಿಂದಕ್ಕೆ ತಿರುಗಿಸುತ್ತಲೇ ಇದ್ದೇನೆ.

ಅರವತ್ತರ ದಶಕದ ಆ ದಿನಗಳಲ್ಲಿ ಗೌಡಗೆರೆ ಕಡೆಯ ನಮ್ಮ ಊರಲ್ಲಿ ಸಾಮಾನು ಸಾಗಿಸಲು ಎತ್ತಿನ ಗಾಡಿಗಳೇ ಎಲ್ಲ. ಕಡಲೆಕಾಯಿ ಮೂಟೆಗಳನ್ನು ಶಿರಾದ ಮಂಡಿಗೆ ಮುಟ್ಟಿಸಿ ಬರಲು ಎರಡು ದಿನ ಬೇಕಾಗುತ್ತಿತ್ತು. ಅಂಥದ್ದರಲ್ಲಿ ಅಪ್ಪ ಹಳೆಯ ಡೀಸೆಲ್ ಪಿಕಪ್ ಒಂದನ್ನು ಕೊಳ್ಳಲು ಹೊರಟ. ಊರವರು ಅದಕ್ಕೆ ನೋಡುವ ಮೊದಲೇ 'ಮರಿ ಲಾರಿ' ಎಂದು ಹೆಸರಿಟ್ಟರು. ಹತ್ತು ವರ್ಷದ ನಾನೂ ಹಟ ಹಿಡಿದು ಅಪ್ಪನ ಜೊತೆ ಶಿರಾಕ್ಕೆ ಹೋದೆ.

ಗಾಡಿ ಬಾಷಾ ಸಾಬರದು. ಐವತ್ತೈದು ದಾಟಿದ, ಬಿಳಿ ಗಡ್ಡದ ತೆಳ್ಳಗಿನ ಮನುಷ್ಯ. ಮಂಡಿನೋವಿನಿಂದ ಕ್ಲಚ್ ತುಳಿಯಲಾಗದೆ ಮಾರುತ್ತಿದ್ದರು. ಗಾಡಿಯ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡೇ ಮಾತಾಡಿದರು.

"ನೋಡಿ ಗೌಡ್ರೇ, ಸುಳ್ಳು ಹೇಳಾಕಿಲ್ಲ. ಇಂಜಿನ್ ಇನ್ನೂ ಹೈದ. ಬ್ಯಾಟ್ರಿ ಮಾತ್ರ ನನ್ನಂಗೆ ಮುದುಕ. ಕೈಬ್ರೇಕು ಐತೆ, ಹೆಸರಿಗೆ."

"ಮತ್ತೆ ನಿಲ್ಸೋದೆಂಗೆ, ಹೊರಡ್ಸೋದೆಂಗೆ?" ಅಂದ ಅಪ್ಪ.

"ಇಳಿಜಾರಲ್ಲಿ ನಿಲ್ಸಿ, ಗಾಲಿಗೆ ಈ ಕಲ್ಲು ಕೊಡಿ. ಬೆಳಿಗ್ಗೆ ಕಲ್ಲು ತೆಗೀರಿ, ಉರುಳ್ತಾ ಇದ್ದಂಗೆ ಗೇರ್ ಹಾಕಿ. ಬಿಸ್ಮಿಲ್ಲಾ ಅನ್ನೋದ್ರೊಳಗೆ ಸ್ಟಾರ್ಟು!"

ಅದು ಒಂದು ಬದಿ ತೆಳ್ಳಗೆ ಇಳಿದಿದ್ದ ಕಪ್ಪು ಕಲ್ಲು. ಅದನ್ನೂ ಎತ್ತಿ ಹಿಂದೆ ಇಟ್ಟರು. "ಇಬ್ರೂ ಜೋಡಿ. ಬೇರೆ ಮಾಡಬೇಡಿ" ಅಂದರು. ಹಿಂದಿನ ತೊಟ್ಟಿಯಲ್ಲಿ ಆ ಕಲ್ಲಿನ ಪಕ್ಕ ಕೂತು, ಡೀಸೆಲ್ ವಾಸನೆ ಕುಡಿಯುತ್ತ, ಶಿರಾದಲ್ಲಿ ಕೊಂಡ ಬತ್ತಾಸು ಚೀಪುತ್ತ ನಾನು ಊರಿಗೆ ಬಂದೆ. ಅಂಥ ಸವಾರಿ ಮತ್ತೆ ಸಿಗಲಿಲ್ಲ.

ನಮ್ಮ ಮನೆ ಮುಂದಿನ ಬೀದಿ ಇಳಿಜಾರು. ಕೆಳಗೆ ಎಡಕ್ಕೆ ನಮ್ಮ ಕಣ, ನೇರ ಹೋದರೆ ಕಟ್ಟೆಯಿಲ್ಲದ ಕಪಿಲೆ ಬಾವಿ. ಅಪ್ಪ ದಿನವೂ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ ಹಿಂದಿನ ಗಾಲಿಗೆ ಕಲ್ಲು ಕೊಡುತ್ತಿದ್ದ. ಬೆಳಿಗ್ಗೆ ಅದನ್ನು ತೆಗೆಯುವುದನ್ನು ನೋಡಲು ಅರ್ಧ ಬೀದಿಯೇ ಸೇರುತ್ತಿತ್ತು. ಹೀಗೆ ಎರಡು ವಾರ ನಡೆದ ಮೇಲೆ ಆಯುಧಪೂಜೆ ಬಂತು.

ಬಾಷಾ ಸಾಬರನ್ನು ಅಪ್ಪ ಕರೆದಿದ್ದ. ಅವರು ಒಂಬತ್ತರ ಬಸ್ಸಿಗೆ ಕೈಯಲ್ಲೊಂದು ಚೆಂಡುಹೂವಿನ ಹಾರ ಹಿಡಿದು ಬಂದರು. ಕೊಟ್ಟ ಮನೆಯಲ್ಲಿ ಮಗಳು ಹೇಗಿದ್ದಾಳೆಂದು ನೋಡಲು ಬಂದವರಂತೆ ಗಾಡಿಯನ್ನು ಒಂದು ಸುತ್ತು ಸುತ್ತಿ, ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಒಳಗಿನಿಂದ ಅವ್ವ ಬೇಯಿಸುತ್ತಿದ್ದ ಒಬ್ಬಟ್ಟಿನ ಘಮ. ನಾಲ್ಕು ವರ್ಷದ ತಮ್ಮ ಸೀನ ಬೆಳಗಿನಿಂದ ಡ್ರೈವರ್ ಸೀಟಿನಿಂದ ಇಳಿದೇ ಇರಲಿಲ್ಲ. ಪೂಜೆ ಮುಗಿದ ಕೂಡಲೇ ಉರುಳಿಸಬೇಕೆಂದು ಅಪ್ಪ ಗೇರು ಬಿಡಿಸಿಟ್ಟಿದ್ದ. ಮುಂದಿನ ಎರಡು ಗಾಲಿಗಳಿಗೆ ಎರಡು ನಿಂಬೆಹಣ್ಣು ಇಟ್ಟಾಗಿತ್ತು.

ಗುದ್ದಲಿ, ಕುಡುಗೋಲು, ನೇಗಿಲು, ಒನಕೆ ಎಲ್ಲಕ್ಕೂ ಕುಂಕುಮವಿಟ್ಟು ಬಂದ ಅಜ್ಜಿ ಕಲ್ಲಿನ ಮುಂದೆ ನಿಂತಳು.

"ಅಯ್ಯೋ, ಇದನ್ನ ತೊಳ್ದೇ ಇಲ್ವಲ್ಲೇ! ಎಲ್ಲಾರಿಗಿಂತ ಜಾಸ್ತಿ ಗೇಯ್ಮೆ ಮಾಡೋದು ಇದೇ ಕಣೆ. ಇದಕ್ಕೆ ಪೂಜೆ ಇಲ್ವಾ? ಈಚೆ ಎಳಿ ಕೂಸೇ."

"ಗಾಡಿ ಹೋಗಲ್ವೇನಜ್ಜಿ?"

"ಮುಂದ್ಗಡೆ ಎರಡು ನಿಂಬೆಹಣ್ಣು ಕುಂತಿಲ್ವಾ? ಅವನ್ನ ದಾಟಿ ಎಲ್ಲಿಗೋದಾತು? ಮುಹೂರ್ತ ಆಗ್ದೆ ಗಾಡಿ ಹೊರಡಾಕಿಲ್ಲ ಬುಡು."

ನಾನು ನಂಬಿದೆ. ಎಳೆದೆ, ಕಲ್ಲು ಅಲುಗಲಿಲ್ಲ. ಅಜ್ಜಿ ಆಗಷ್ಟೇ ಪೂಜೆ ಮಾಡಿದ್ದ ಒನಕೆಯನ್ನು ತಂದು ಅದರ ತುದಿಯಿಂದ ಎರಡು ಏಟು ಕೊಟ್ಟಳು. ಎರಡನೆಯ ಏಟಿಗೆ ಕಲ್ಲು ಸಡಿಲವಾಗಿ ನನ್ನ ಕೈಗೆ ಬಂತು.

'ಪಟ್' ಎಂದಿತು ಒಂದು ನಿಂಬೆಹಣ್ಣು. ಹಿಂದೆಯೇ ಇನ್ನೊಂದು. ಹುಳಿಯ ವಾಸನೆ ಮೂಗಿಗೆ ಬಡಿಯಿತು. ಅಜ್ಜಿ ಒಂದು ಕ್ಷಣ ಶುಭವಾಯಿತೆಂದು ಕೈ ಮುಗಿದೇಬಿಟ್ಟಳು. ಗಾಡಿ ಸದ್ದಿಲ್ಲದೆ ಹೋಗುತ್ತಿತ್ತು. ನನ್ನ ನೆನಪಿನಲ್ಲಿ ಭಯ ಹುಟ್ಟಿಸುವುದು ಆ ಸದ್ದಿಲ್ಲದಿರುವಿಕೆಯೇ. ಸೀನ ಕಿಟಕಿಯಿಂದ ಕೈಬೀಸಿ, "ಅಕ್ಕಾ, ನಾನೇ ಬುಡ್ತಾ ಇವ್ನಿ!" ಎಂದು ಕೇಕೆ ಹಾಕಿದ. ಕೆಳಗೆ, ನೇರಕ್ಕೆ, ಬಾವಿ.

ಕಾಫಿ ಲೋಟ ಚಪ್ಪಡಿಯ ಮೇಲೆ ಬಿದ್ದ ಸದ್ದಾಯಿತು. ಮಂಡಿನೋವಿನ ಬಾಷಾ ಸಾಬರು ಜಗಲಿಯಿಂದ ಹಾರಿ ಓಡುತ್ತಿದ್ದರು. ಲುಂಗಿ ಒಂದು ಕೈಯಲ್ಲಿ, ಟೋಪಿ ಎಲ್ಲೋ ಬಿದ್ದು. ಬಾವಿಗೆ ಹತ್ತು ಹನ್ನೆರಡು ಮಾರು ಇರುವಾಗ ಬಾಗಿಲಿಗೆ ಜೋತುಬಿದ್ದರು. ಕಿಟಕಿಯೊಳಗೆ ಕೈ ತೂರಿಸಿ ಸೀನನ ಕೈಗಳ ಮೇಲೆಯೇ ಸ್ಟೀರಿಂಗ್ ಹಿಡಿದು ಎಡಕ್ಕೆ ಎಳೆದರು. ಗಾಡಿ ಹೊರಳಿ ಕಣಕ್ಕೆ ನುಗ್ಗಿ, ಕಿತ್ತು ಒಟ್ಟಿದ್ದ ಕಡಲೆಕಾಯಿ ಬಳ್ಳಿಯ ಮೆದೆಯೊಳಗೆ ಮೂತಿ ಹುದುಗಿಸಿ ನಿಂತಿತು.

ಮೆದೆಯ ಧೂಳು ಇಳಿದಾಗ ಸಾಬರು ಕಾಲು ಚಾಚಿ ನೆಲದ ಮೇಲೆ ಕೂತಿದ್ದರು. ಕೈಯೆಲ್ಲ ತರಚಿತ್ತು. ಮಡಿಲಲ್ಲಿ ಸೀನ. "ಬೇಟಾ, ಬೇಟಾ" ಎಂದು ಅವನ ತಲೆ ಸವರುತ್ತಿದ್ದರು. ಅವನು ಮಾತ್ರ, "ಯಾಕೆ ತಾತ ನಿಲ್ಸ್ಬುಟ್ಟೆ?" ಎಂದು ಅಳುತ್ತಿದ್ದ.

ಅಪ್ಪ ಕುಂಬಳಕಾಯಿ ಹಿಡಿದುಕೊಂಡೇ ಓಡಿಬಂದ. "ಯಾರ್ಲಾ ಕಲ್ಲು ತೆಗ್ದೋರು?"

ಕಲ್ಲು ನನ್ನ ಕಾಲ ಬಳಿಯೇ ಇತ್ತು. ಅಜ್ಜಿ ನನ್ನ ಮುಂದೆ ಬಂದು ನಿಂತು, "ನಾನು ಕಣಪ್ಪ. ನಂದೇ ಬುದ್ಧಿಗೇಡಿತನ" ಅಂದಳು. ಎಂದೂ ಎದುರಾಡದ ಅಪ್ಪ ಅಂದು ಅವಳಿಗೆ ಆಡಬಾರದ ಮಾತುಗಳನ್ನಾಡಿದ. ಅವಳು ಸೆರಗು ಬಾಯಿಗಿಟ್ಟುಕೊಂಡು ಕೇಳಿಸಿಕೊಂಡಳು.

ಆಮೇಲೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಅಪ್ಪ ಎರಡು ಕಲ್ಲು ಕೊಟ್ಟು, ಗಾಡಿಯನ್ನು ಬೇವಿನ ಮರಕ್ಕೆ ಹಗ್ಗದಿಂದ ಕಟ್ಟಿದ, ಆದರೂ ಎದ್ದು ಹೋಗಿ ನೋಡಿ ಬರುತ್ತಿದ್ದ. ಅಜ್ಜಿ ಅವನ ಹಿಂದೆಯೇ ಹೋಗಿ ಕಲ್ಲು ಮುಟ್ಟಿ ಬರುತ್ತಿದ್ದಳು. ಅವ್ವ ಸೀನನ ಉಡಿದಾರವನ್ನು ಬೆರಳಿಗೆ ಸುತ್ತಿಕೊಂಡು ಮಲಗುತ್ತಿದ್ದಳು. ನಾನು ಕಣ್ಣು ಮುಚ್ಚಿದರೆ 'ಪಟ್' ಎನ್ನುತ್ತಿತ್ತು. ಮುಂದೆ ತುಮಕೂರಿನ ಕಾಲೇಜಿನಲ್ಲಿ ಇಳಿಜಾರಿನ ಮೇಲಿನ ಚಲನೆಯ ಲೆಕ್ಕ ಬಿಡಿಸುವಾಗ ಪುಸ್ತಕದ ಚಿತ್ರದಲ್ಲಿದ್ದ ಚೌಕದ ತುಂಡು ನನಗೆ ಸೀನನಾಗಿಯೇ ಕಂಡಿತು. ಸಾಬರು ಓಡಲು ನಾಲ್ಕು ಹೆಜ್ಜೆ ತಡಮಾಡಿದ್ದರೆ ಏನಾಗುತ್ತಿತ್ತೆಂಬುದನ್ನು ಆ ಸೂತ್ರ ಮುಲಾಜಿಲ್ಲದೆ ಹೇಳಿತು.

ಆಯುಧಪೂಜೆಯಾದ ಮೂರನೆಯ ವಾರ ಬಾಷಾ ಸಾಬರು ಬಸ್ಸಿಳಿದು ಬಂದರು. ಕೈಗೆ ಇನ್ನೂ ಬಟ್ಟೆ ಸುತ್ತಿತ್ತು. ಕಂಡಕ್ಟರ್ ಗೋಣಿಚೀಲದಲ್ಲಿ ಸುತ್ತಿದ್ದ ಬ್ಯಾಟರಿಯನ್ನು ಇಳಿಸಿಕೊಟ್ಟ.

"ಇದೇನು ಸಾಬ್ರೇ? ನಾನು ಕೇಳ್ಲಿಲ್ವಲ್ಲ" ಅಂದ ಅಪ್ಪ.

"ನೀವು ಕೇಳ್ಲಿಲ್ಲ. ನಿದ್ದೆ ಕೇಳ್ತು. ಕಣ್ಣು ಮುಚ್ಚಿದ್ರೆ ಆ ಬಾವಿ."

ಶಿರಾದಲ್ಲೂ ಒಬ್ಬರು ಎದ್ದೇ ಇದ್ದರೆಂದು ನಮಗೆ ಆಗ ತಿಳಿಯಿತು. ಬ್ಯಾಟರಿ ಕೂರಿಸಿದ ಸಾಬರು ಸಂಜೆಯವರೆಗೆ ಗಾಡಿಯ ಕೆಳಗೆ ಮಲಗಿ ಕೈಬ್ರೇಕನ್ನೂ ಬಿಗಿ ಮಾಡಿದರು. ಗಾಡಿ ಮೊದಲ ಸಲ ಸಮತಟ್ಟಾದ ಕಣದಲ್ಲಿ ನಿಂತು, ಉರುಳದೆಯೇ ಗುಡುಗುಟ್ಟಿತು. ಅಪ್ಪ ಕೈ ಒರೆಸಿಕೊಂಡು ಅಜ್ಜಿಯ ಬಳಿ ಬಂದು, "ಅವತ್ತು ಏನೇನೋ ಅಂದ್ಬುಟ್ಟೆ ಕಣವ್ವ" ಎಂದ. ನನಗೆ ತಡೆಯಲಾಗಲಿಲ್ಲ. ಹಿತ್ತಲಿಗೆ ಹೋದ ಅಜ್ಜಿಯ ಸೆರಗು ಹಿಡಿದೆ.

"ಅಜ್ಜಿ, ಎಳ್ದೋಳು ನಾನು."

"ಹೊಡ್ದೋಳು ನಾನಲ್ವಾ? ಬುಡು, ನನ್ನ ಪಾಲು ನಿಂಗ್ಯಾಕೆ?"

ಇಂದು ಆ ಬೀದಿಯನ್ನು ಸಮ ಮಾಡಿ ಡಾಂಬರು ಹಾಕಿದ್ದಾರೆ. ಬಾವಿ ಮುಚ್ಚಿದೆ. ಗಾಡಿ ಗುಜರಿಗೆ ಹೋಯಿತು, ಅಜ್ಜಿ, ಬಾಷಾ ಸಾಬರು, ಅಪ್ಪ ಒಬ್ಬರ ಹಿಂದೊಬ್ಬರು ಹೋದರು. ಮಾರಿದ ಮೇಲೂ ಕೊಂಡವನ ಮನೆಯ ನಿದ್ದೆಗಾಗಿ ಬಸ್ಸು ಹತ್ತಿ ಬರುವವರನ್ನು ನಾನು ಮತ್ತೆ ಕಂಡಿಲ್ಲ. ಕಲ್ಲಿಗೂ ದುಡಿಯುವವರಷ್ಟೇ ಗೌರವ ಸಲ್ಲಬೇಕೆನ್ನುವವರನ್ನೂ ಕಂಡಿಲ್ಲ. ಈಗಲೂ ಅಡಿಗೆಮನೆಯಲ್ಲಿ ನಿಂಬೆಹಣ್ಣು ಕೈಜಾರಿ ಬಿದ್ದರೆ ನನ್ನ ಕೈ ಯಾವುದೋ ಗಾಡಿಯ ಬಾಗಿಲನ್ನು ಹುಡುಕುತ್ತದೆ.

ಬ್ಯಾಟರಿ ತಂದ ಆ ದಿನ ಕೊನೆಯ ಬಸ್ಸು ಹೋಗಿದ್ದರಿಂದ ಸಾಬರು ನಮ್ಮ ಜಗಲಿಯಲ್ಲೇ ಮಲಗಿದರು. ಪಕ್ಕದಲ್ಲಿ ಅಪ್ಪ, ಒಳಗೆ ಸಾಲಾಗಿ ನಾವು. ಯಾರೂ ಏಳಲಿಲ್ಲ. ಬೆಳಿಗ್ಗೆ ಹಾಲು ಕರೆಯುವವರಿಲ್ಲದೆ ಎಮ್ಮೆ ಅರಚಿ ಅರಚಿ ನಮ್ಮನ್ನು ಎಬ್ಬಿಸಿದಾಗ, ಬಿಸಿಲು ಸಾಬರ ಗಡ್ಡದವರೆಗೂ ಬಂದಿತ್ತು.