ಬ್ಯಾರನ್ನಿನ ಬಾಗಿಲಲ್ಲಿ ಲ್ಯಾಟಿನ್

ಇದನ್ನು ಹೇಳುವುದನ್ನು ಹತ್ತು ವರ್ಷ ಮುಂದೂಡಿದ್ದೇನೆ. ಹೇಳಲು ಹೊರಟಾಗಲೆಲ್ಲ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ಪಿರಿಯಾಪಟ್ಟಣದ ಬಳಿ ನನ್ನ ತಂಬಾಕು ಹದ ಮಾಡುವ ಬ್ಯಾರನ್ನಿಗೆ ಬೆಂಕಿ ಹಾಕಲು ಒಬ್ಬರು ಬರುತ್ತಿದ್ದರು. ಮೊದಲು ಪಾದ್ರಿಯೊಬ್ಬರ ಮನೆಯಲ್ಲಿ ಅಡುಗೆಗಿದ್ದವರು. ಅಲ್ಲಿಂದ ತಂದದ್ದು ಒಂದು ಹರಕಲು ಕೋಟು, ಒಂದು ಲ್ಯಾಟಿನ್ ಪದ. ಸೌದೆ ಹಾಕುವ ಮುನ್ನ ಗೋಡೆಗೆ ಕೈ ತಾಗಿಸಿ ಕಾವು ನೋಡಿ, ಮಂತ್ರದಂತೆ "ಪ್ರುದೆಂತೆರ್" ಅನ್ನುತ್ತಿದ್ದರು.

"ಬುದ್ಧಿವಂತ ಅಂತಲೇನಯ್ಯಾ?"

"ಮನುಸಂಗಲ್ಲ ಯಜಮಾನ್ರೇ, ಮಾಡೋ ಕೆಲಸಕ್ಕೆ ಏಳೋ ಮಾತು. ವಿವೇಕದಿಂದ ಅಂತ. ನಾನು ದಡ್ಡನೇ ಇರ್ಲಿ ಬುಡಿ, ಸೌದೆ ಮಾತ್ರ ಪ್ರುದೆಂತೆರ್ ಆಕ್ಬೇಕು."

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಒಂದು ಮಧ್ಯಾಹ್ನ ಅವರು ಉಣ್ಣಲು ಹೋದಾಗ, ಸೊಪ್ಪು ಬೇಗ ಒಣಗಲೆಂದು ನಾನೇ ಒಲೆಯ ತುಂಬ ಸೌದೆ ತುರುಕಿದೆ. ಒಲೆಯಿಂದ ಬ್ಯಾರನ್ನಿನೊಳಗೆ ಕಾವು ಒಯ್ಯುವ ಕೊಳವೆ ಕೆಂಪಗೆ ಕಾಯಿತು; ಮೇಲೆ ತೂಗುಹಾಕಿದ್ದ ಸೊಪ್ಪಿನಿಂದ ಉದುರಿದ ಎಲೆಯೊಂದು ಹತ್ತಿಕೊಂಡು ಬ್ಯಾರನ್ ಪೂರ್ತಿ ಉರಿಯಿತು. ಊರು ಸೇರಿತು. "ಅವ್ನೇ ಕಣ್ರೋ, ಸೌದೆ ತುಂಬ್ಬುಟ್ಟು ಉಣ್ಣಕೋದ" ಅಂದೆ. ಮುದ್ದೆ ಅಂಟಿದ ಕೈಯಲ್ಲೇ ಓಡಿ ಬಂದಿದ್ದ ಅವರು ನನ್ನನ್ನು ನೋಡಿದರು. ಆ ಕೈಯನ್ನು ಕೋಟಿಗೆ ಒರೆಸಿಕೊಂಡು ನೀರು ಹೊರಲು ಹೋದರು. ಆಮೇಲೆ ಯಾರೂ ಅವರನ್ನು ಬೆಂಕಿ ಕೆಲಸಕ್ಕೆ ಕರೆಯಲಿಲ್ಲ.

ಮೊನ್ನೆ ಬಸ್ ನಿಲ್ದಾಣದಲ್ಲಿ ಸಿಕ್ಕರು. ಸರಿದು ಜಾಗ ಕೊಟ್ಟರು. "ಕೂತ್ಕಳಿ ಯಜಮಾನ್ರೇ, ಬಸ್ಸು ಲೇಟು." ಕೂತೆ. ಅವರ ಬಸ್ಸು ಬರುವವರೆಗೂ ಮಂಡಿನೋವಿನ ಬಗ್ಗೆಯೇ ಮಾತಾಡಿದೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಊರು ಮತ್ತೆ ಅವರತ್ತಲೇ ಬೆರಳು ತೋರಿಸುತ್ತದೆ. ಸೌದೆ ತುರುಕಿದವನು ನಾನು.